ದೂರ ನಿಲ್ಲುವುದು ಪಲಾಯನವಲ್ಲ
ನೋವನ್ನು ದೂರದಿಂದ ನೋಡುವುದೆಂದರೆ ಭಾವನೆಯನ್ನು ಅದುಮಿಟ್ಟು ಓಡಿಹೋಗುವುದು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಅದುಮಿಡುವುದು ಕೆಟ್ಟದ್ದು ಎಂಬುದಕ್ಕೆ ನನ್ನ ತಕರಾರಿಲ್ಲ. ಮುಖದಲ್ಲಿ ಭಾವ ತೋರಗೊಡದಿದ್ದರೂ ಮೈಯೊಳಗಿನ ಉದ್ವೇಗ ಇಳಿಯುವುದಿಲ್ಲವೆಂದು ಮನೋವಿಜ್ಞಾನಿಗಳಾದ ಗ್ರಾಸ್ ಮತ್ತು ಲೆವೆನ್ಸನ್ 1990ರ ದಶಕದಲ್ಲೇ ತೋರಿಸಿದ್ದಾರೆ. ಆದರೆ ಅಂತರ ಬೇರೆಯೇ ಸಂಗತಿ. ಜೇಸನ್ ಮೋಸರ್, ಈಥನ್ ಕ್ರಾಸ್ ತಂಡದ 2017ರ ಅಧ್ಯಯನದಲ್ಲಿ ಜನ ತಮ್ಮ ಕಹಿ ನೆನಪುಗಳನ್ನೇ ಕೆದಕಿದರು. ‘ನನಗೇಕೆ ಹೀಗಾಗುತ್ತಿದೆ’ ಎನ್ನುವ ಬದಲು ದೂರ ನಿಂತವರಂತೆ ತಮ್ಮದೇ ಹೆಸರು ಹಿಡಿದು ಕೇಳಿಕೊಂಡಾಗ, ತನ್ನ ಬಗ್ಗೆಯೇ ಕೊರಗುವಾಗ ಚುರುಕಾಗುವ ಮಿದುಳಿನ ಮುಂಭಾಗದ ನಡುಪ್ರದೇಶದ ಚಟುವಟಿಕೆ ತಗ್ಗಿತು. ಹತ್ತಿಕ್ಕುವ ಹೆಚ್ಚುವರಿ ಶ್ರಮದ ಗುರುತೇ ಇರಲಿಲ್ಲ! ನೆನಪಿಗೆ ಎದುರಾಗಿ ಕುಳಿತವರು ಪಲಾಯನವಾದಿಗಳು ಹೇಗಾದಾರು? ಕೊರಗಿನಲ್ಲೇ ಮುಳುಗಿರುವವರಿಗೆ ‘ಇನ್ನಷ್ಟು ಅನುಭವಿಸಿ’ ಎನ್ನುವ ಲೇಖಕರ ಸಲಹೆಯೇ ನನಗೆ ಅಪಾಯಕಾರಿಯಾಗಿ ಕಾಣುತ್ತದೆ.