ಹೆಬ್ಬಾತಿನ ಕಾಲಿಗೊಂದು ಐಡಿ ನಂಬರ್

ಪ್ರಾಜೆಕ್ಟ್ ಕೆಲಸಕ್ಕೆ ಅಂತ ಎರಡು ವರ್ಷ ನ್ಯೂಜೆರ್ಸಿಯಲ್ಲಿದ್ದೆ. ಆಫೀಸಿನ ಮುಂದೆ ಹುಲ್ಲುಹಾಸು, ಪಕ್ಕದಲ್ಲೊಂದು ಕೊಳ. ಮೊದಲ ಏಪ್ರಿಲ್‌ನಲ್ಲೇ ಒಂದು ದೊಡ್ಡ ಹಕ್ಕಿ ಕತ್ತು ಚಾಚಿ, ಬುಸ್ ಅಂತ ನನ್ನನ್ನು ಪಾರ್ಕಿಂಗ್‌ವರೆಗೂ ಅಟ್ಟಿಸಿಕೊಂಡು ಬಂತು. ಕೈಲಿದ್ದ ಕಾಫಿ ಶರ್ಟಿನ ಮೇಲೆ! ಕಪ್ಪು ಕತ್ತು, ಗಲ್ಲದ ಹತ್ತಿರ ಬಿಳಿ ಪಟ್ಟೆ. ಕೆನಡಾ ಹೆಬ್ಬಾತು. 'ಚಳಿಗಾಲ ಮುಗೀತಲ್ಲ, ನಿನ್ನ ಕೆನಡಾಕ್ಕೆ ಹೋಗಬಾರದಾ?' ಅಂತ ಬೈದುಕೊಂಡೆ.

ಮರುದಿನ ದೂರದಿಂದಲೇ ಫೋಟೊ ತೆಗೆದಾಗ ಅದರ ಕಾಲಲ್ಲಿ ಅಲ್ಯೂಮಿನಿಯಂ ಬಳೆ ಕಂಡಿತು. ನಾಲ್ಕೈದು ಕಡೆಯಿಂದ ಜೂಮ್ ಮಾಡಿ ಪೂರ್ತಿ ನಂಬರ್ ಓದಿದೆ. ಅಮೆರಿಕದ ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಯ ವೆಬ್‌ಸೈಟಿಗೆ ಹಾಕಿದೆ. ಉತ್ತರ ಬಂತು: ಮೂರು ವರ್ಷದ ಹಿಂದೆ, ಇನ್ನೂ ಹಾರಲು ಬಾರದ ಮರಿಯಾಗಿದ್ದಾಗ, ಪಕ್ಕದ ಊರಿನ ಕೆರೆ ದಡದಲ್ಲಿ ಬಳೆ ತೊಡಿಸಿದ್ದು. ಅಂದರೆ ಅದು ಲೋಕಲ್. ವೀಸಾ ಮೇಲೆ ಬಂದ ವಲಸಿಗ ನಾನೇ!

ಎಲ್ಲ ಕೆನಡಾ ಹೆಬ್ಬಾತುಗಳೂ ವಲಸೆ ಹೋಗುವುದಿಲ್ಲ. ಹಿಂದೆ ಬೇಟೆಗಾರರು ಕಾಡುಹಕ್ಕಿಗಳನ್ನು ಸೆಳೆಯೋಕೆ ಹೆಬ್ಬಾತುಗಳನ್ನು ಸಾಕುತ್ತಿದ್ದರು. 1935ರಲ್ಲಿ ಅದಕ್ಕೆ ನಿಷೇಧ ಬಂದಾಗ ಎಷ್ಟೋ ಹಕ್ಕಿಗಳನ್ನು ಬಿಟ್ಟುಬಿಟ್ಟರು. ಅಳಿದೇಹೋಯಿತು ಅಂದುಕೊಂಡಿದ್ದ ಭಾರೀ ಗಾತ್ರದ ತಳಿಯೊಂದು 1962ರಲ್ಲಿ ಮಿನ್ನೆಸೋಟದ ರೋಚೆಸ್ಟರ್‌ನಲ್ಲಿ ಮತ್ತೆ ಸಿಕ್ಕಿತು. ಆಮೇಲೆ ಹಲವು ರಾಜ್ಯಗಳು ತಾವೇ ಅದನ್ನು ಬೆಳೆಸಿ ಬಿಟ್ಟವು. ಇವುಗಳ ಸಂತತಿಗೆ ಊರೊಳಗೇ ಹುಲ್ಲು, ನೀರು ಎಲ್ಲ ಇದೆ, ಬೇಟೆಗಾರರ ಕಾಟವೂ ಇಲ್ಲ. ಯಾಕೆ ಹೋಗ್ತವೆ? ಆದರೆ ಚಳಿಗಾಲದಲ್ಲಿ ಉತ್ತರದಿಂದ ಬಂದ ವಲಸೆ ಹಕ್ಕಿಗಳೂ ಇದೇ ಮೈದಾನದಲ್ಲಿ ಮೇಯುತ್ತವೆ. ಯಾವುದು ಯಾರು ಅಂತ ನೋಡಿ ಹೇಳೋಕಾಗಲ್ಲ.

ಇಲ್ಲೇ ಬಳೆಯ ಕೆಲಸ. ಜೂನ್ ಕೊನೆಗೆ ದೊಡ್ಡ ಹಕ್ಕಿಗಳು ರೆಕ್ಕೆಯ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸಿ ಸುಮಾರು ಒಂದು ತಿಂಗಳು ಹಾರಲಾರದೆ ಇರುತ್ತವೆ. ಮರಿಗಳಿಗೂ ಇನ್ನೂ ಹಾರಲು ಬರದು. ವಲಸೆ ಹೋಗುವವು ಆ ಹೊತ್ತಿಗೆ ದೂರದ ಉತ್ತರದಲ್ಲಿರುತ್ತವೆ. ಹಾಗಾಗಿ ಆಗ ನ್ಯೂಜೆರ್ಸಿಯಲ್ಲಿ ಕಾಣುವವು ಲೋಕಲ್ ಹಕ್ಕಿಗಳೇ. ಸಿಬ್ಬಂದಿ ಸಾಲಾಗಿ ನಡೆದು ಅವನ್ನು ಬಲೆಯ ದೊಡ್ಡಿಗೆ ಅಟ್ಟಿ, ಬಳೆ ತೊಡಿಸಿ ಬಿಡುತ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರತಿ ಹಕ್ಕಿಗೂ ಒಂದು ಪ್ರೈಮರಿ ಕೀ.

ಅದರಿಂದ ಲೆಕ್ಕವೂ ಸಿಗುತ್ತದೆ. 100 ಹಕ್ಕಿಗೆ ಬಳೆ ಹಾಕಿದಿರಿ ಅಂದುಕೊಳ್ಳಿ. ಮತ್ತೆ 50 ಹಿಡಿದಾಗ 10ರ ಕಾಲಲ್ಲಿ ಬಳೆ ಇದ್ದರೆ, ಒಟ್ಟು ಸುಮಾರು 500 ಹಕ್ಕಿಗಳಿವೆ ಅಂತ ಅಂದಾಜು. ಫ್ರೆಡರಿಕ್ ಲಿಂಕನ್ 1930ರಲ್ಲಿ ಬಾತುಗಳ ಸಂಖ್ಯೆ ಅಳೆಯೋಕೆ ಬಳಸಿದ್ದು ಇದೇ ಲೆಕ್ಕ. ಬೇಟೆಗಾರರು ವರದಿ ಮಾಡುವ ಬಳೆಗಳಿಂದ ಯಾವ ಹಕ್ಕಿ ಎಲ್ಲಿ, ಯಾವಾಗ ಸತ್ತಿತು ಅನ್ನುವುದೂ ತಿಳಿಯುತ್ತದೆ.

ಇದೆಲ್ಲ ಯಾಕೆ ಬೇಕು? 2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಹೊರಟ ವಿಮಾನಕ್ಕೆ ಹೆಬ್ಬಾತುಗಳು ಬಡಿದು, ಅದು ಹಡ್ಸನ್ ನದಿಗೆ ಇಳಿದದ್ದು ನೆನಪಿರಬಹುದು. 155 ಮಂದಿಯೂ ಬದುಕಿದರು. ಆ ಬೇಸಿಗೆಯಲ್ಲಿ ನಗರದ ಸುತ್ತಮುತ್ತ 1,200ಕ್ಕೂ ಹೆಚ್ಚು ಲೋಕಲ್ ಹೆಬ್ಬಾತುಗಳನ್ನು ಹಿಡಿದು ಕೊಂದರು. ಆದರೆ ಎಂಜಿನ್‌ನಲ್ಲಿ ಸಿಕ್ಕ ಗರಿಗಳನ್ನು ಸ್ಮಿತ್‌ಸೋನಿಯನ್ ವಿಜ್ಞಾನಿಗಳು ಪರೀಕ್ಷಿಸಿದಾಗ, ಅವು ಉತ್ತರದಿಂದ ಬಂದ ವಲಸೆ ಹಕ್ಕಿಗಳದ್ದು ಅಂತ ಗೊತ್ತಾಯಿತು. ರನ್‌ವೇ ಹತ್ತಿರ ಲೋಕಲ್ ಹಕ್ಕಿಗಳೂ ಅಪಾಯವೇ, ನಿಜ. ಆದರೂ ಯಾರು ಅಂತ ತಿಳಿಯದೆ ಕೈಹಾಕುವುದು, ವೇರ್ ಕ್ಲಾಸ್ ಇಲ್ಲದೆ ಡಿಲೀಟ್ ಕ್ವೆರಿ ಓಡಿಸಿದ ಹಾಗೆ.

ಗೊತ್ತಿದ್ದರೆ ಗುರಿ ಇಡಬಹುದು. ವಲಸೆ ಹಕ್ಕಿಗಳು ಬರುವ ಮೊದಲೇ, ಸೆಪ್ಟೆಂಬರಿನಲ್ಲಿ, ಲೋಕಲ್ ಹಕ್ಕಿಗಳಿಗೆಂದೇ ಬೇಟೆ ಅವಧಿ ಇಡುತ್ತಾರೆ. ಊರೊಳಗೆ ಬೇಟೆ ಆಗದ ಕಡೆ, ಆಗಷ್ಟೇ ಇಟ್ಟ ಮೊಟ್ಟೆಗಳಿಗೆ ಜೋಳದ ಎಣ್ಣೆ ಹಚ್ಚುತ್ತಾರೆ. ಉಸಿರಾಟದ ರಂಧ್ರ ಮುಚ್ಚಿ ಮರಿ ಬೆಳೆಯುವುದಿಲ್ಲ. ಮೊಟ್ಟೆ ತೆಗೆದುಬಿಟ್ಟರೆ ಹಕ್ಕಿ ಮತ್ತೆ ಇಡಬಹುದು. ಎಣ್ಣೆ ಹಚ್ಚಿದರೆ ಕಾವು ಕೊಡುತ್ತಾ ಕೂತೇ ಇರುತ್ತದೆ.

ಮರುವರ್ಷ ನಮ್ಮ ಕೊಳದ ಗೂಡಿಗೂ ಹಾಗೇ ಮಾಡಿದರು. ನನ್ನನ್ನು ಅಟ್ಟಿಸಿದ್ದ ಗಂಡು ಕಾವಲಿಗೆ ನಿಂತೇ ಇತ್ತು, ಹೆಣ್ಣು ಮರಿಯಾಗದ ಮೊಟ್ಟೆಗಳ ಮೇಲೆ ಕೂತೇ ಇತ್ತು. ಊಟದ ಹೊತ್ತಲ್ಲಿ ಕಿಟಕಿಯಿಂದ ನೋಡುತ್ತಿದ್ದೆ. ಕಷ್ಟ ಆಯ್ತು. ಸಾವಿರಗಟ್ಟಲೆ ಹಿಡಿದು ಕೊಲ್ಲುವುದಕ್ಕಿಂತ ವಾಸಿ ಅಂತ ಬುದ್ಧಿಗೆ ಗೊತ್ತು, ಮನಸ್ಸಿಗೆ ಗೊತ್ತಾಗೋಕೆ ಸ್ವಲ್ಪ ದಿನ ಬೇಕಾಯಿತು.

ನಮ್ಮಲ್ಲಿಗೂ ಹೆಬ್ಬಾತುಗಳು ಬರ್ತವೆ, ಆದರೆ ಅವು ಅಪ್ಪಟ ವಲಸಿಗರು. ಮೈಸೂರು ಬಳಿಯ ಹದಿನಾರು ಕೆರೆಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿದ ಹಕ್ಕಿಗಳು ಕರ್ನಾಟಕದಲ್ಲಿ ಕಂಡಿದ್ದೂ ಉಂಟು. ಈ ಚಳಿಗಾಲ ಆ ಕಡೆ ಹೋದರೆ ಕಾಲು, ಕತ್ತು ಎರಡನ್ನೂ ಗಮನಿಸಿ. ನಂಬರ್ ಕಂಡರೆ ದೂರದಿಂದಲೇ ಫೋಟೊ ತೆಗೆದು, ದಿನಾಂಕ, ಜಾಗ ಬರೆದು ಪಕ್ಷಿ ವೀಕ್ಷಕರಿಗೆ ಕಳಿಸಿ. ಹತ್ತಿರ ಮಾತ್ರ ಹೋಗಬೇಡಿ. ಅನುಭವದಿಂದ ಹೇಳ್ತಿದ್ದೀನಿ.