ಭಾನುವಾರದ ಪ್ರಾರ್ಥನೆ, ಸೋಮವಾರದ ಹಾಜರಿ

ಹೋದ ತಿಂಗಳು ಗೆಳೆಯನೊಬ್ಬ ಕರೆದ ಅಂತ ನಾವು ಒಂದು ಮನೆಯ ಪ್ರಾರ್ಥನೆ ಕೂಟಕ್ಕೆ ಹೋಗಿದ್ದೆವು. ಹಾಡು ಮುಗಿಯಿತು. ಒಬ್ಬೊಬ್ಬರೇ ತಮ್ಮ ಕಷ್ಟ ಹೇಳತೊಡಗಿದರು. ಒಬ್ಬರದು ಮಗಳ ಮದುವೆ, ಇನ್ನೊಬ್ಬರದು ಮೊಣಕಾಲು ನೋವು. ಮೂಲೆಯಲ್ಲಿ ಕೂತಿದ್ದ ಹುಡುಗ ತಲೆ ತಗ್ಗಿಸಿ, "ಎರಡು ತಿಂಗಳ ಪಗಾರ ಬಂದಿಲ್ರಿ, ಅದಕ್ಕ ಪ್ರಾರ್ಥನಾ ಮಾಡ್ರಿ" ಅಂದ. ಎಲ್ಲರೂ ಕಣ್ಣು ಮುಚ್ಚಿದರು.

ಅವನಿಗೆ ಪಗಾರ ಕೊಡಬೇಕಾದ ಗುತ್ತೇದಾರನೂ ಅದೇ ಚಾಪೆಯ ಮೇಲೆ ಕೂತಿದ್ದ. ಅವನೂ ಕಣ್ಣು ಮುಚ್ಚಿದ್ದ.

ಈ ಮಾತು ಆಮೇಲೆ ಗೆಳೆಯನಿಂದ ಗೊತ್ತಾಯಿತು. ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತಿದೆ. ಒಂದೇ ಚಾಪೆಯ ಮೇಲೆ ಕೂತವರು ದೇವರ ಮುಂದೆ ಬಾಯಿ ಬಿಡುತ್ತಾರೆ, ಪರಸ್ಪರರ ಮುಂದೆ ಯಾಕೆ ಬಿಡುವುದಿಲ್ಲ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಭೂಮಿಯ ಮೇಲೆ ತೊಗರಿ, ಕೆಳಗೆ ಸುಣ್ಣದ ಕಲ್ಲು. ಆ ಕಲ್ಲಿನಿಂದಲೇ ಸಿಮೆಂಟ್ ಕಾರ್ಖಾನೆಗಳು ಬಂದವು, ಫರಸಿ ಖಣಿಗಳು ಬಂದವು. ಇಲ್ಲಿ ಕೆಲಸ ಸಿಗದವರು ರೈಲು ಹತ್ತಿ ಹೈದರಾಬಾದ್ ಕಡೆ ಹೋಗುತ್ತಾರೆ. ಇಲ್ಲಿನ ಕ್ರೈಸ್ತ ಕುಟುಂಬಗಳ ಸಂಖ್ಯೆ ಕಡಿಮೆ. ಮೆಥೋಡಿಸ್ಟ್ ಸಭೆಗಳಿವೆ, ಕಥೋಲಿಕ ಚರ್ಚುಗಳಿವೆ, ಹೊಸ ಮನೆ ಕೂಟಗಳೂ ಇವೆ. ಆ ಕೂಟಗಳಲ್ಲಿ ಕೂಲಿಯವನು, ಮುಕಾದಮ, ಶಾಲೆ ಟೀಚರು, ಗುತ್ತೇದಾರ ಎಲ್ಲರೂ ಹತ್ತಿರ ಹತ್ತಿರ ಕೂಡುತ್ತಾರೆ. ಇಂಥ ಜಾಗ ನಮ್ಮ ಊರುಗಳಲ್ಲಿ ಬೇರೆ ಎಷ್ಟಿವೆ ಹೇಳ್ರಿ?

ಮೆಥೋಡಿಸ್ಟ್ ಸಭೆ ಹುಟ್ಟಿದ ಬಗೆ ನಮ್ಮ ಖಣಿ ಊರುಗಳಿಗೆ ಹತ್ತಿರದ್ದು. 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್‌ನಲ್ಲಿ ಜಾನ್ ವೆಸ್ಲಿ ಬಯಲಲ್ಲಿ ನಿಂತು ಕಲ್ಲಿದ್ದಲು ಖಣಿಯ ಕಾರ್ಮಿಕರಿಗೆ ಬೋಧಿಸಿದರು. 1742ರಲ್ಲಿ ಚಾಪೆಲ್ ಕಟ್ಟಿದ ಸಾಲ ತೀರಿಸಲು ಒಂದು ದಾರಿ ಹುಡುಕಿದರು. ಸುಮಾರು ಹನ್ನೆರಡು ಮಂದಿಗೆ ಒಂದು ಗುಂಪು, ವಾರಕ್ಕೆ ಒಬ್ಬರಿಂದ ಒಂದು ಪೆನ್ನಿ. ಹಣ ಕೂಡಿಸಲು ಹೋದ ಮುಖಂಡ, ಹೇಗಿದ್ದೀರಿ, ಹೇಗೆ ಬದುಕುತ್ತಿದ್ದೀರಿ ಅಂತಲೂ ಕೇಳತೊಡಗಿದ. ಅಲ್ಲಿಂದ ವಾರದ ಕೂಟ ಬೆಳೆಯಿತು. ಅದರ ಮುಖಂಡರು ಪಾದ್ರಿಗಳಲ್ಲ, ಕೆಲಸ ಮಾಡಿ ತಿನ್ನುವ ಜನ. ಲೆಕ್ಕ ಇಡುವುದು, ನಾಲ್ಕು ಜನರ ಮುಂದೆ ಮಾತಾಡುವುದು, ಇನ್ನೊಬ್ಬರ ಕಷ್ಟ ಕೇಳುವುದು ಅವರಿಗೆ ಅಲ್ಲೇ ರೂಢಿಯಾಯಿತು.

ಅದು ಎಲ್ಲಿಗೆ ಮುಟ್ಟಿತು ಅಂತ 1834ರಲ್ಲಿ ಗೊತ್ತಾಯಿತು. ಇಂಗ್ಲೆಂಡಿನ ಟೋಲ್‌ಪಡಲ್ ಎಂಬ ಹಳ್ಳಿಯಲ್ಲಿ ಕೂಲಿ ಇಳಿಸಿದ್ದಕ್ಕೆ ಹೊಲದ ಆಳುಗಳು ಸಂಘ ಕಟ್ಟಿದರು. ಮುಂದಾಳು ಜಾರ್ಜ್ ಲವ್‌ಲೆಸ್ ಮೆಥೋಡಿಸ್ಟ್ ಚಾಪೆಲಿನಲ್ಲಿ ಬೋಧಿಸುತ್ತಿದ್ದ ಕೂಲಿಕಾರ. ಗುಟ್ಟಾಗಿ ಪ್ರಮಾಣ ಮಾಡಿಸಿದರು ಎಂಬ ನೆಪದಲ್ಲಿ ಆರು ಜನರಿಗೆ 7 ವರ್ಷ ಗಡೀಪಾರು ಶಿಕ್ಷೆಯಾಯಿತು, ಆಸ್ಟ್ರೇಲಿಯಾಕ್ಕೆ ಕಳಿಸಿದರು. ದೇಶದ ಜನ ಎದ್ದು ನಿಂತ ಮೇಲೆ 1836ರಲ್ಲಿ ಕ್ಷಮೆ ಸಿಕ್ಕಿತು.

ನಮ್ಮ ನಾಡಿನದೂ ಒಂದು ಕತೆ ಇದೆ. ಅದೇ 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಕ್ರೈಸ್ತರಾದವರಿಗೆ ಹಳೆಯ ಕಸುಬು, ಆಸರೆ ಎರಡೂ ತಪ್ಪಿದಾಗ ಮಿಷನ್ ನೇಯ್ಗೆ ಹಾಕಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಸಾವಿರಾರು ಜನ ಅನ್ನ ಕಂಡರು. ಆದರೆ ಅಲ್ಲಿ ಸಭೆಯೂ ಮಿಷನ್ನಿನದು, ಕಾರ್ಖಾನೆಯೂ ಮಿಷನ್ನಿನದು. ಪ್ರಾರ್ಥನೆ ಮಾಡಿಸುವವರೂ ಪಗಾರ ಕೊಡುವವರೂ ಒಂದೇ ಮನೆಯವರಾದರೆ, ಪಗಾರದ ತಕರಾರು ಎಲ್ಲಿ ಹೇಳಬೇಕು? ನಮ್ಮ ಸಣ್ಣ ಕೂಟಗಳಿಗೂ ಈ ಎಚ್ಚರ ಬೇಕು. ಎಷ್ಟೋ ಕಡೆ ಹೆಚ್ಚು ಕಾಣಿಕೆ ಕೊಡುವವನೇ ಸಭೆಯ ಹಿರಿಯ, ಅವನೇ ಕೆಲಸ ಕೊಡುವ ಧಣಿ. ಅವನ ಎದುರು ಹುಡುಗ ತಲೆ ತಗ್ಗಿಸದೆ ಇನ್ನೇನು ಮಾಡಿಯಾನು?

ಬೈಬಲ್ ಈ ವಿಷಯದಲ್ಲಿ ಸುತ್ತಿ ಬಳಸಿ ಮಾತಾಡುವುದಿಲ್ಲ. ಬಡ ಕೂಲಿಯವನ ಕೂಲಿ ಸೂರ್ಯ ಮುಳುಗುವುದರೊಳಗೆ ಕೊಡಬೇಕು ಅಂತ ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ದೇವರ ಕಿವಿ ಮುಟ್ಟುತ್ತದೆ ಅಂತ ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ. ಯೇಸು ಬಡಗಿ. ಪೌಲ ಡೇರೆ ಹೊಲಿದು ಹೊಟ್ಟೆ ಹೊರೆದವನು. ಗುರು ಬಗ್ಗಿ ಶಿಷ್ಯರ ಕಾಲು ತೊಳೆದದ್ದನ್ನೇ ಕ್ರೈಸ್ತರು ಮುಂದಾಳತ್ವದ ಪಾಠ ಅನ್ನುತ್ತಾರೆ. ಕಾಯಕ, ದಾಸೋಹ ಅಂದರೆ ಏನು ಅಂತ ಶರಣಬಸವೇಶ್ವರರ ಕಲಬುರಗಿಯ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಇದು ಈ ಮಣ್ಣಿಗೆ ಹೊರಗಿನ ಮಾತೂ ಅಲ್ಲ.

ಹಾಗಾದರೆ ಕೂಟಗಳು ಏನು ಮಾಡಬಹುದು? ನಮಗೆ ತೋಚಿದ್ದು ಮೂರು.

ಒಂದು, ತಿಂಗಳಿಗೊಮ್ಮೆ ಪ್ರಾರ್ಥನೆ ಆದ ಮೇಲೆ ಅರ್ಧ ತಾಸು ಕೆಲಸದ ಮಾತು. ಪಿಎಫ್ ಹಣ ಪಗಾರದಲ್ಲಿ ಮುರಿದುಕೊಂಡರೆ ಸಾಲದು, ಖಾತೆಗೆ ಬಿದ್ದಿರಬೇಕು. ಯುಎಎನ್ ಜೊತೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ವಿವರ ಮೆಸೇಜ್ ಬರುತ್ತದೆ. ಓದು ಬಲ್ಲ ಮಕ್ಕಳು ಹಿರಿಯರ ಫೋನಿನಲ್ಲಿ ನೋಡಿ ಹೇಳಲಿ. ಗುತ್ತೇದಾರ ಪಗಾರ ಕೊಡದಿದ್ದರೆ ಮೂಲ ಕಂಪನಿ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಇದು ಎಷ್ಟು ಜನಕ್ಕೆ ಗೊತ್ತು?

ಎರಡು, ಕೆಲಸ ಕೊಡುವವರು ಅದೇ ಕೂಟದಲ್ಲಿದ್ದರೆ ಅವರೇ ಮೊದಲು ಮಾತಾಡಲಿ. ಕೊಡುವುದು ಎಷ್ಟು ಬಾಕಿ, ಯಾಕೆ ಬಾಕಿ. ಗುತ್ತೇದಾರನ ಬಿಲ್ಲೂ ಎಷ್ಟೋ ಸಲ ಮೇಲೆ ಸಿಕ್ಕಿಬಿದ್ದಿರುತ್ತದೆ. ಅವನ ಸಂಕಟವನ್ನೂ ಕೇಳಬೇಕು. ಬಾಯಿ ಬಿಟ್ಟು ಹೇಳಿದರೆ ತಾನೇ ಕೇಳುವುದು?

ಮೂರು, ಕೂಟದ ಕಾಣಿಕೆಯ ಲೆಕ್ಕ ಎಲ್ಲರ ಮುಂದೆ ಓದಲಿ, ಓದುವವರು ಸರದಿಯಂತೆ ಬದಲಾಗಲಿ, ಹೆಣ್ಣುಮಕ್ಕಳಿಗೂ ಸರದಿ ಬರಲಿ. ಕೂಟದ ಲೆಕ್ಕ ಓದಿದ ಅವ್ವ ನಾಳೆ ಗ್ರಾಮಸಭೆಯಲ್ಲಿ ಉದ್ಯೋಗ ಖಾತರಿ ಕೆಲಸದ ಹಾಜರಿ ಪಟ್ಟಿ ಕೇಳಲು ಹೆದರುವುದಿಲ್ಲ.

"ಸಭೆ ಅಂದ್ರ ಯೂನಿಯನ್ ಅಲ್ರಿ" ಅಂತ ಒಬ್ಬ ಹಿರಿಯರು ನಮಗೆ ಹೇಳಿದರು. ಒಪ್ಪುತ್ತೇವೆ. ಪಾಸ್ಟರು ಕಾರ್ಖಾನೆ ಗೇಟಿಗೆ ಹೋಗಿ ಘೋಷಣೆ ಕೂಗಬೇಕಿಲ್ಲ. ಇನ್ನೊಂದು ಭಯವೂ ನಿಜವೇ. ಈಗಿನ ಕಾಲದಲ್ಲಿ ನಾಲ್ಕು ಜನ ಕ್ರೈಸ್ತರು ಕೂಡಿದರೂ ಅನುಮಾನದಿಂದ ನೋಡುವವರಿದ್ದಾರೆ. ಅದಕ್ಕೇ ಪಿಎಫ್ ನೋಡಿಕೊಡುವ ಕೆಲಸ ಓಣಿಯ ಎಲ್ಲರಿಗೂ ತೆರೆದಿರಲಿ, ಪ್ರಾರ್ಥನೆಗೆ ಬಾ ಎಂಬ ಷರತ್ತು ಬೇಡ. "ನಮ್ಮವ" ಅಂತ ಕೆಲಸಕ್ಕೆ ಹಚ್ಚುವುದೂ ಬೇಡ. ಅದು ವಿಶ್ವಾಸ ಅಲ್ಲ, ವಶೀಲಿ.

ಆ ಹುಡುಗನ ಪಗಾರ ಏನಾಯಿತು ಅಂತ ಕೇಳುತ್ತೀರಿ. ಕೂಟ ಮುಗಿದು ಎಲ್ಲರೂ ಚಪ್ಪಲಿ ಹುಡುಕುವಾಗ ಆ ಮನೆಯ ಅಜ್ಜಿ ಗುತ್ತೇದಾರನ ತೋಳು ಹಿಡಿದು ಪಕ್ಕಕ್ಕೆ ಕರೆದಳಂತೆ. "ತಮ್ಮಾ, ಆ ಹುಡುಗಂದು ಕೊಟ್ಟು ಬಿಡು" ಅಂದಳಂತೆ. ಮುಂದಿನ ವಾರ ಒಂದು ತಿಂಗಳದು ಬಂತು. ಇನ್ನೊಂದು ತಿಂಗಳದು ಇನ್ನೂ ಬಾಕಿ.

ಅಜ್ಜಿ ಬಾಗಿಲ ಹೊರಗೆ ಹೇಳಿದ ಮಾತು ಚಾಪೆಯ ಮೇಲೆ ಬರಬೇಕು ಅನ್ನುವುದಷ್ಟೇ ನಮ್ಮ ಮಾತು.