ಯಂತ್ರದೊಳಗಿನ ಜ್ಞಾನ ಯಾರ ಸ್ವತ್ತು?

ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ವಿಶೇಷೋದ್ದೇಶದ ಯಂತ್ರಗಳನ್ನು, ಅಂದರೆ ಎಸ್.ಪಿ.ಎಂ.ಗಳನ್ನು, ತಯಾರಿಸುವ ಸಣ್ಣ ಉದ್ದಿಮೆಗಳ ಒಂದು ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣುವುದಿಲ್ಲ. ಯಂತ್ರದ ನಕ್ಷೆ ಕಚೇರಿಯಲ್ಲಿರುತ್ತದೆ, ಬಿಡಿಭಾಗಗಳ ಪಟ್ಟಿ ಸ್ಟೋರ್ಸ್‌ನಲ್ಲಿರುತ್ತದೆ. ಆದರೆ ಯಂತ್ರವನ್ನು ನಡೆಸುವ ಪಿ.ಎಲ್.ಸಿ. ಪ್ರೋಗ್ರಾಮಿನ ಒಳಗುಟ್ಟು ಅದನ್ನು ಬರೆದ ಒಬ್ಬ ತಂತ್ರಜ್ಞನ ತಲೆಯಲ್ಲಿ ಮಾತ್ರ ಇರುತ್ತದೆ. ಆತ ಹೆಚ್ಚಿನ ಸಂಬಳಕ್ಕೆ ಬೇರೆಡೆಗೆ ಹೊರಟ ದಿನ ಮಾಲೀಕನ ಬಂಡವಾಳದ ಒಂದು ಭಾಗವೂ ಗೇಟು ದಾಟುತ್ತದೆ.

ಈ ನಷ್ಟವನ್ನು ತಡೆಯಬಲ್ಲ ವಿಧಾನಕ್ಕೆ ಆಬ್ಜೆಕ್ಟ್ ಓರಿಯೆಂಟೆಡ್ ಮಾಡೆಲಿಂಗ್ ಎಂಬ ದೊಡ್ಡ ಹೆಸರಿದೆ. ವಿಚಾರವೇನೂ ಹೊಸದಲ್ಲ. ನಾರ್ವೆಯ ಡಾಲ್ ಮತ್ತು ನೈಗಾರ್ಡ್ ರೂಪಿಸಿದ ಸಿಮ್ಯುಲಾ 67 ಭಾಷೆಯಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಯಂತ್ರ, ವಿದ್ಯುನ್ಮಾನಗಳ ಕೂಡಿಕೆಗೆ 'ಮೆಕಾಟ್ರಾನಿಕ್ಸ್' ಎಂಬ ಹೆಸರು ಜಪಾನಿನ ಯಾಸ್ಕಾವಾ ಸಂಸ್ಥೆಯಲ್ಲಿ 1969ರಲ್ಲಿ ಹುಟ್ಟಿತು. ಇವೆರಡೂ ಸಣ್ಣ ಕಾರ್ಖಾನೆಯ ಬಾಗಿಲಿಗೆ ಬರಲು ಮಾತ್ರ ಇಷ್ಟು ಕಾಲ ಹಿಡಿಯಿತು.

ಡ್ರಿಲ್ಲಿಂಗ್ ಯಂತ್ರದಲ್ಲಿ ಕೆಲಸದ ತುಂಡನ್ನು ಹಿಡಿದಿಡುವ ಕ್ಲಾಂಪನ್ನೇ ನೋಡಬಹುದು. ಅದರಲ್ಲಿ ಗಾಳಿಯ ಸಿಲಿಂಡರ್, ಸೊಲೆನಾಯ್ಡ್ ವಾಲ್ವ್, ಎರಡು ರೀಡ್ ಸ್ವಿಚ್‌ಗಳು ಹಾಗೂ ಪ್ರೋಗ್ರಾಮಿನ ಕೆಲವು ಸಾಲುಗಳಿವೆ. ರೂಢಿಯಲ್ಲಿ ಸಿಲಿಂಡರ್ ಒಂದು ನಕ್ಷೆಯಲ್ಲಿ, ವೈರಿಂಗ್ ಇನ್ನೊಂದರಲ್ಲಿ, ಪ್ರೋಗ್ರಾಮ್ ಮತ್ತೆಲ್ಲೋ ಇರುತ್ತದೆ. ಹೊಸ ವಿಧಾನದಲ್ಲಿ ಇವೆಲ್ಲ ಸೇರಿ 'ಕ್ಲಾಂಪ್' ಎಂಬ ಒಂದೇ ಅಂಗ. ಹೊರಗಿನವರಿಗೆ ತಿಳಿಯಬೇಕಾದುದು ಇಷ್ಟೇ: ಹಿಡಿ, ಬಿಡು ಎಂಬ ಎರಡು ಆಜ್ಞೆಗಳು, ಹಿಡಿದಿದೆಯೇ, ಬಿಟ್ಟಿದೆಯೇ, ನಿಗದಿತ ಸಮಯದಲ್ಲಿ ಸಂಕೇತ ಬಾರದೆ ದೋಷವಾಗಿದೆಯೇ ಎಂಬ ಉತ್ತರ. ಯಂತ್ರದಲ್ಲಿ ಇಂತಹ 12 ಕ್ಲಾಂಪುಗಳಿದ್ದರೆ ಒಂದೇ ಲ್ಯಾಡರ್ ತುಣುಕನ್ನು 12 ಬಾರಿ ನಕಲು ಮಾಡುವುದು ಇಂದಿನ ಪದ್ಧತಿ. ಕಾಯುವ ಅವಧಿಯನ್ನು ಬದಲಿಸುವಾಗ 11 ಕಡೆ ತಿದ್ದಿ ಒಂದನ್ನು ಮರೆತರೆ ಡ್ರಿಲ್ ಬಿಟ್ ಮುರಿಯುತ್ತದೆ. ಅದೃಷ್ಟ ಕೆಟ್ಟರೆ ಕೆಲಸಗಾರನ ಬೆರಳು. ಮೂಲದಲ್ಲಿ ಒಮ್ಮೆ ಬರೆದದ್ದನ್ನು 12 ಕಡೆಗೂ ಅನ್ವಯಿಸಿದರೆ ಆ ಭಯವಿಲ್ಲ.

ಇದಕ್ಕೆ ದುಬಾರಿ ತಂತ್ರಾಂಶ ಕೊಳ್ಳಲೇಬೇಕೆಂಬ ಸಲಹೆಗಾರರ ಮಾತನ್ನು ಅರ್ಧ ಮಾತ್ರ ನಂಬಬೇಕು. ಐ.ಇ.ಸಿ. 61131-3 ಮಾನಕದ 1993ರ ಮೊದಲ ಆವೃತ್ತಿಯಲ್ಲಿಯೇ ಫಂಕ್ಷನ್ ಬ್ಲಾಕ್ ಎಂಬ ಸೌಲಭ್ಯವಿತ್ತು. ಮೇಲಿನ ಕ್ಲಾಂಪಿಗೆ ಅದೇ ಸಾಕು. 2013ರ ಮೂರನೆಯ ಆವೃತ್ತಿ ಕ್ಲಾಸ್, ಮೆಥಡ್‌ಗಳನ್ನು ಸೇರಿಸಿತು, ಆದರೆ ಎಲ್ಲ ಕಂಪನಿಗಳ ಪಿ.ಎಲ್.ಸಿ.ಗಳಲ್ಲಿ ಅವು ದೊರೆಯುವುದಿಲ್ಲ. ಸರ್ವೋ ಮೋಟಾರು ಬಾಲ್ ಸ್ಕ್ರೂವಿನ ಭಾರವನ್ನು ಎಳೆದೀತೇ ಎಂಬುದನ್ನು ಕೊಳ್ಳುವ ಮೊದಲೇ ಗಣಕದಲ್ಲಿ ಪರೀಕ್ಷಿಸಲು 1997ರಲ್ಲಿ ಬಂದ ಮಾಡೆಲಿಕಾ ಭಾಷೆಯಿದೆ. ಅದನ್ನು ಬಳಸಲು ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಓಪನ್‌ಮಾಡೆಲಿಕಾ ಉಚಿತವಾಗಿ ದೊರೆಯುತ್ತದೆ. ಘರ್ಷಣೆಯ ಅಂಕಿ ತಪ್ಪಾಗಿದ್ದರೆ ಉತ್ತರವೂ ತಪ್ಪೇ ಎಂಬುದು ಬೇರೆ ಮಾತು.

ವರ್ಷಕ್ಕೆ ಒಂದೆರಡು ಯಂತ್ರಗಳನ್ನು, ಅದೂ ಒಂದಕ್ಕೊಂದು ಹೋಲಿಕೆಯಿಲ್ಲದವುಗಳನ್ನು, ಮಾಡುವವರಿಗೆ ಈ ಶ್ರಮ ಗಿಟ್ಟುವುದು ಕಷ್ಟ. ಅದೇ ಕ್ಲಾಂಪ್, ಅದೇ ಸ್ಲೈಡ್, ಅದೇ ಕನ್ವೇಯರ್ ಮತ್ತೆ ಮತ್ತೆ ಬರುವ ಕಡೆ ಮೊದಲ ಯಂತ್ರಕ್ಕೆ ಹೆಚ್ಚು ದಿನ ಹಿಡಿದರೂ ಮೂರನೆಯದರ ವೇಳೆಗೆ ಲಾಭ ಕಂಡೀತು.

ಹೆಚ್ಚು ಯೋಚಿಸಬೇಕಾದವರು ಯಂತ್ರ ಕೊಳ್ಳುವವರು. ಬೆಲೆಗಾಗಿ ವಾರಗಟ್ಟಲೆ ಚೌಕಾಸಿ ಮಾಡುವವರೂ ಪರ್ಚೇಸ್ ಆರ್ಡರಿನಲ್ಲಿ ಪ್ರೋಗ್ರಾಮಿನ ಮೂಲಪ್ರತಿಯ ಮಾತೆತ್ತುವುದಿಲ್ಲ. ಟಿಪ್ಪಣಿ ಸಹಿತವಾದ ಮೂಲಪ್ರತಿ, ಪ್ರತಿ ಅಂಗದ ಆಜ್ಞೆ ಮತ್ತು ದೋಷಗಳ ಪಟ್ಟಿ, ಪಾಸ್‌ವರ್ಡ್ ಇವು ಮೂರೂ ಕೈಸೇರಿದ ಮೇಲೆಯೇ ಕೊನೆಯ ಕಂತು ಪಾವತಿ ಎಂದು ಆರ್ಡರಿನಲ್ಲಿ ಒಂದು ಸಾಲು ಸೇರಿಸುವುದಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ.